ಎರಡನ್ನೂ ಸೇರಿಸಿ ಒಂದು ಮಾಡು

ನಾನು ಎಂಟನೇ ಇಯತ್ತೆಗೆ ಶಾಲೆ ಬಿಟ್ಟವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಎಲ್ಲ ಓದಿದ ಮೇಲೆ ನೀವೂ ನಮ್ಮ ಆಫೀಸಿನ ಇನಾಮದಾರ ಸಾಹೇಬರ ಹಾಗೆ ತಲೆ ಅಲ್ಲಾಡಿಸಿ, ನಾಲ್ಕು ಅಕ್ಷರ ಹೆಚ್ಚು ಕಲಿತಿದ್ದರೆ ಇವನು ಹೀಗೆ ಮಾಡುತ್ತಿರಲಿಲ್ಲ ಅನ್ನುತ್ತೀರಿ. ಕಲಿತವರು ಏನು ಮಾಡಿದರು ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಊಟದ ಡಬ್ಬಿ ಮುಚ್ಚಿ ಕೈ ತೊಳೆಯಲು ಹೋದರು.

ನಮ್ಮ ಊರಿಗೆ ಒಂದೇ ಕಾರ್ಖಾನೆ. ಎನಾಮಲ್ ಪಾತ್ರೆಯದು. ಬಿಳಿ ತಟ್ಟೆ, ನೀಲಿ ಅಂಚು. ನಿಮ್ಮ ಮನೆಯಲ್ಲೂ ಒಂದು ಇದ್ದೀತು. ಇಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನ ಹೆಸರಿನಲ್ಲೂ ಸವಲತ್ತು ಆಫೀಸಿನ ಯಂತ್ರದಲ್ಲಿ ಒಂದು ಕಾರ್ಡಿದೆ. ಕಾರ್ಡಿನ ಮೇಲೆ ಅವನ ಮನೆಯವರ ಹೆಸರುಗಳು. ಮನೆಯಲ್ಲಿ ಮದುವೆ, ಹೆರಿಗೆ, ಸಾವು ಏನೇ ಆಗಲಿ, ಕಾರ್ಡಿಗೆ ಏರಬೇಕು. ಅದಕ್ಕೆ ಘಟನೆ ಎನ್ನುತ್ತಾರೆ. ಮೂವತ್ತು ದಿನಗಳ ಒಳಗೆ ಒಂದು ಕಾರ್ಡಿನ ಮೇಲೆ ಒಂದೇ ಘಟನೆ ನಿಲ್ಲುತ್ತದೆ. ಎರಡು ಬಂದರೆ, ಸಂಜೆ ಐದಕ್ಕೆ ಕಾರ್ಖಾನೆಯ ಭೋಂಗಾ ಕೂಗುವಾಗ ಯಂತ್ರ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತದೆ. ಬಿಟ್ಟದ್ದು ನಡೆದೇ ಇರುವುದಿಲ್ಲ. ಕಾರ್ಡು ಯಾರದೋ ಅವನೊಬ್ಬನಿಗೆ ಮಾತ್ರ ಅದು ನೆನಪಿರುತ್ತದೆ.

ಭಟ್ಟಿಯಲ್ಲಿ ಕೆಲಸ ಮಾಡುವ ಗುರುಪಾದನ ಮದುವೆಯಾದ ಒಂಬತ್ತನೇ ದಿನ ಅವನ ಅಜ್ಜ ತೀರಿಕೊಂಡ. ಯಂತ್ರ ಸಾವನ್ನು ಇಟ್ಟುಕೊಂಡಿತು. ಐದು ಗಂಟೆಗೆ ಗುರುಪಾದ ಮನೆಗೆ ಓಡಿದಾಗ ಗೂಟದ ಮೇಲೆ ಹೆಂಡತಿಯ ಸೀರೆ ಇರಲಿಲ್ಲ. ಅವಳ ತವರಿಗೆ ಓಡಿದ. ಅವಳು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ, "ಯಾರ್ ಬೇಕಾಗಿತ್ರಿ? ಅಪ್ಪ ಮನ್ಯಾಗ ಇಲ್ಲ" ಅಂದಳಂತೆ. ಮದುವೆಯ ಊಟ ಉಂಡು ಎಲೆ ಎತ್ತಿದ ಜನವೇ ಮರುದಿನ ಅವನನ್ನು, "ಯಾವಾಗಪಾ ಗುರುಪಾದ, ನಮಗ ಬುಂದೇಲಾಡು ಹಾಕ್ಸೂದು?" ಎಂದು ಛೇಡಿಸಿದರು. ಅವಳಿಗೆ ಬೇರೆ ಕಡೆ ಮದುವೆಯಾಗಿ ಈಗ ಎರಡು ಮಕ್ಕಳಿವೆ. ಅವನು ಇವತ್ತಿಗೂ ತಟ್ಟೆಗೆ ಇಬ್ಬರ ಊಟ ಬಡಿಸಿಕೊಳ್ಳುತ್ತಾನೆ.

ಹುಟ್ಟಿದ್ದು ಬಿಟ್ಟುಹೋದ ಮನೆಗಳ ವಿಷಯ ನಾನು ಹೆಚ್ಚು ಬರೆಯಲಾರೆ. ಆ ಮನೆಯ ಗಂಡಸರನ್ನು ಗುರುತು ಹಿಡಿಯುವುದು ಸುಲಭ. ರಸ್ತೆಯಲ್ಲಿ ನಡೆಯುವಾಗ ಒಂದು ತೋಳನ್ನು ಎದೆಗೆ ಮಡಚಿಕೊಂಡಿರುತ್ತಾರೆ. ಏನೋ ಎತ್ತಿಕೊಂಡ ಹಾಗೆ. ಅವರ ಹೆಂಡಂದಿರು, ನಿಮ್ಮ ಕೈಗೆ ಏನಾಗೇತ್ರಿ, ಎಣ್ಣಿ ತಿಕ್ಕಲೇನು ಎಂದು ಕೇಳುತ್ತಾರೆ.

ಜನ ಬದುಕಬೇಕಲ್ಲ. ಅದಕ್ಕೆ ಒಂದು ದಾರಿ ಮಾಡಿಕೊಂಡಿದ್ದರು. ನಮ್ಮಲ್ಲಿ ಮದುವೆ ಗೊತ್ತು ಮಾಡುವಾಗ ಜಾತಕ ನೋಡುವುದಿಲ್ಲ, ಮನೆಯ ಮುದುಕರ ಪಾದ ನೋಡುತ್ತಾರೆ. ಹೆಬ್ಬೆರಳಿನಿಂದ ಒತ್ತಿ, ಕುಳಿ ಬಿದ್ದು ಹಾಗೇ ಉಳಿದರೆ ಸಾವು ಹತ್ತಿರ ಎಂದು ಮದುವೆ ಮುಂದಕ್ಕೆ ಹೋಗುತ್ತದೆ. ಸೊಸೆಗೆ ಏಳನೇ ತಿಂಗಳು ಬಿದ್ದ ಕೂಡಲೇ ಮನೆಯ ಮುದುಕರ ಹೆಸರನ್ನು ತೆಗೆದು ಮದುವೆಯಾಗದ ಹುಡುಗನೊಬ್ಬನ ಕಾರ್ಡಿಗೆ ಹಾಕುತ್ತಾರೆ. ಅವನಿಗೆ ಕಾರ್ಡುಮಗ ಎಂದು ಹೆಸರು. ಕಾರ್ಡು ಎಲ್ಲಿಯೋ ಹಾಸಿಗೆಯೂ ಅಲ್ಲಿ. ಸತ್ತರೆ ಅವನೇ ಮಣ್ಣು ಮಾಡಬೇಕು. ವರ್ಷದೊಳಗೆ ಅವರ ಮನೆಯವರು ತಿರುಗಿ ಕರೆದುಕೊಳ್ಳಬೇಕು ಎಂಬುದು ರೂಢಿ. ಬರಹದಲ್ಲಿ ಎಲ್ಲೂ ಇಲ್ಲ.

ನನ್ನ ಹದಿನೆಂಟನೇ ವಯಸ್ಸಿಗೆ ನಾನು ದ್ಯಾಮವ್ವನ ಕಾರ್ಡುಮಗನಾದೆ. ಅವಳು ಭಟ್ಟಿಯ ಮೇಸ್ತ್ರಿ ತಿಪ್ಪಣ್ಣನ ತಾಯಿ. ತಿಪ್ಪಣ್ಣನ ಹೆಂಡತಿ ಮೂರನೆಯದಕ್ಕೆ ಬಸುರಿಯಾಗಿದ್ದಳು. ನನಗೆ ಅಪ್ಪ ಅವ್ವ ಇಬ್ಬರೂ ಇರಲಿಲ್ಲ, ಕಾರ್ಡು ಪೂರಾ ಖಾಲಿ. ಮುದುಕಿ ಒಂದು ಕೌದಿ, ಅಂಚು ಕೆತ್ತಿಹೋದ ಒಂದು ತಟ್ಟೆ, ಹುಣಸೆಬೀಜದ ಒಂದು ಡಬ್ಬಿ ಹಿಡಿದುಕೊಂಡು ಬಂದಳು. ಗದ್ದದ ಮೇಲೆ ಮೂರು ಹಸಿರು ಚುಕ್ಕೆ ಹಚ್ಚೆ. ಮೊದಲ ಸಂಜೆ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ, "ಉಂಡೀಯೇನ?" ಎಂದಳು. ಅಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ಇನ್ನೂ ಇಲ್ಲಬೇ ಆಯಿ" ಅಂದೆ. ಆಮೇಲೆ ಐದು ವರ್ಷ ಪ್ರತಿ ಸಂಜೆ ಅದೇ ಪ್ರಶ್ನೆ, ಅದೇ ಉತ್ತರ. ತಿಪ್ಪಣ್ಣ ಅವಳನ್ನು ತಿರುಗಿ ಕರೆದುಕೊಳ್ಳಲಿಲ್ಲ. ಒಮ್ಮೆ ತಮ್ಮನ ಮದುವೆ ಅಂದ, ಒಮ್ಮೆ ಹೆಂಡತಿಗೆ ಮತ್ತೆ ದಿನ ತುಂಬಿದೆ ಅಂದ. ನನಗೂ ಕರೆದುಕೊಂಡು ಹೋಗು ಎನ್ನುವ ಮನಸ್ಸು ಇರಲಿಲ್ಲ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಕೆಲಸ ಸವಲತ್ತು ಆಫೀಸಿನಲ್ಲೇ. ಯಂತ್ರದ ಕೀಲಿಗಳನ್ನು ಒತ್ತುವವನು ನಾನು. ಇನಾಮದಾರ ಸಾಹೇಬರು ಹೇಳುತ್ತಾರೆ, ನಾನು ಒತ್ತುತ್ತೇನೆ. ಅವರಿಗೆ ಒತ್ತಲು ಬಾರದು ಎಂದಲ್ಲ. ತಮ್ಮ ಬೆರಳಿನಿಂದ ಆಗಬಾರದು ಅಷ್ಟೆ. "ನೀ ತಿಳಕೊಳ್ಳಾಕ ಹೋಗಬ್ಯಾಡ ಮೈಲಾರಿ, ಬರೇ ಒತ್ತು" ಎನ್ನುತ್ತಿದ್ದರು. ನಾನು ತಿಳಿದುಕೊಂಡೆ. ಯಂತ್ರದಲ್ಲಿ ಒಂದು ನಿಯಮಗಳ ಪಟ್ಟಿ ಇದೆ. ಪ್ರತಿ ಸಾಲಿನಲ್ಲಿ ಎರಡು ಘಟನೆಗಳ ಹೆಸರು, ಮುಂದೆ ಏನು ಮಾಡಬೇಕು ಎಂಬುದು. ಸಾವು, ಮದುವೆ: ಸಾವನ್ನು ಇಡು. ಸಾವು, ಹುಟ್ಟು: ಸಾವನ್ನು ಇಡು. ಹುಟ್ಟು, ಮದುವೆ: ಹುಟ್ಟನ್ನು ಇಡು. ಆರಿಸಲು ಮೂರು ಮಾತು ಮಾತ್ರ ಇವೆ. ಮೊದಲನೆಯದನ್ನು ಇಡು. ಎರಡನೆಯದನ್ನು ಇಡು. ಮೂರನೆಯದು: ಎರಡನ್ನೂ ಸೇರಿಸಿ ಒಂದು ಮಾಡು. ಆ ಮೂರನೆಯದನ್ನು ಯಾರೂ ಯಾವತ್ತೂ ಮುಟ್ಟಿರಲಿಲ್ಲ. ಅದನ್ನು ಆರಿಸಿದರೆ ಪಕ್ಕದಲ್ಲಿ ಒಂದು ಖಾಲಿ ಜಾಗ ತೆರೆಯುತ್ತದೆ. ಸೇರಿದ ಮೇಲೆ ಆಗುವ ಹೊಸ ಘಟನೆಗೆ ಹೆಸರು ಬರೆಯಬೇಕು. ಏನಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. "ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಮುಟ್ಟಬಾರದು" ಎಂದು ಸಾಹೇಬರು ಕನ್ನಡಕ ಒರೆಸಿಕೊಂಡಿದ್ದರು.

ಹೋದ ವರ್ಷ ನನಗೂ ಕಸ್ತೂರಿಗೂ ಮದುವೆಯಾಯಿತು. ಅವಳು ಕಾರ್ಖಾನೆಯಲ್ಲಿ ತಟ್ಟೆಗಳಿಗೆ ನೀಲಿ ಅಂಚು ಎಳೆಯುವವಳು, ಒಂದೇ ಉಸಿರಿಗೆ ಒಂದು ಸುತ್ತು. ಮದುವೆಗೆ ಹಿಂದೆ ಮೂವತ್ತು, ಮುಂದೆ ಮೂವತ್ತು ದಿನ ನಾನು ಆಯಿಯ ಪಕ್ಕದಲ್ಲಿ ಕೂತು ಕಾದೆ. "ಸಾಯೂದಿಲ್ಲೋ ಹುಚ್ಚಾ, ಹೋಗಿ ಹೆಂಡ್ತಿ ಮಾರಿ ನೋಡು" ಎಂದು ಅವಳು ನಕ್ಕಳು. ಆಗ ಅವಳ ಪಾದ ಒತ್ತಿದರೆ ಕುಳಿ ಬೀಳುತ್ತಿರಲಿಲ್ಲ.

ಕಸ್ತೂರಿಗೆ ಏಳನೇ ತಿಂಗಳು ಬಿದ್ದಾಗ ಬಿತ್ತು. ನನ್ನ ಹೆಬ್ಬೆರಳಿನ ಗುರುತು ಆ ಪಾದದ ಮೇಲೆ ಮಣ್ಣಿನ ಮೇಲೆ ಉಳಿದ ಹಾಗೆ ಉಳಿಯಿತು. ನಾನು ಅವತ್ತೇ ತಿಪ್ಪಣ್ಣನ ಮನೆಗೆ ಹೋದೆ.

"ತಿಪ್ಪಣ್ಣ ಮಾವಾ, ಆಯೀನ್ನ ಕರಕೊಂಡ್ ಬರ್ರಿ. ಕಸ್ತೂರಿಗೆ ದಿನಾ ಹತ್ರ ಬಂದಾವು."

ಅವನು ಮಗಳ ಮದುವೆಯ ಪತ್ರಿಕೆಗಳ ಮೇಲೆ ಹೆಸರು ಬರೆಯುತ್ತಿದ್ದ. ತಲೆ ಎತ್ತಲಿಲ್ಲ. "ನೋಡಾಕತ್ತೀಯಲ್ಲಪಾ. ಹಿರೇ ಮಗಳ ಲಗ್ನ. ಈ ಹೊತ್ತಿನ್ಯಾಗ ಹೆಂಗ ಕರಕೊಳ್ಳಲಿ?"

"ಲಗ್ನಾ ಮುಂದ ಹಾಕ್ರಿ. ಹುಟ್ಟೂದು ಮುಂದ ಹಾಕಾಕ ಬರತೈತೇನು?"

"ಐದು ವರ್ಷ ಕೈತುತ್ತು ತಿಂದಿ. ಬಾಯಾಗ ಇಟ್ಟಾಗ ಬ್ಯಾಡ ಅಂದ್ಯಾ? ಈಗ ಹೊರೆ ಆದಳೇನು?"

"ಹೊರೆ ಯಾರಿಗೆ? ನಿನ್ನ ಹಡದಾಕಿ ಅಕಿ, ನನ್ನ ಹಡದಾಕಿ ಅಲ್ಲ!"

ಬಾಗಿಲಲ್ಲಿ ನಿಂತಿದ್ದ ಅವನ ಮಕ್ಕಳು ಒಳಗೆ ಓಡಿದವು. ತಿಪ್ಪಣ್ಣ ಒಂದು ಪತ್ರಿಕೆಯ ಮೇಲೆ ನನ್ನ ಹೆಸರು ಬರೆದು, ಅರಿಶಿಣ ಹಚ್ಚಿ ಕೈಗೆ ಕೊಟ್ಟ. "ಲಗ್ನಕ್ಕ ಬಾ. ಅವ್ವನ್ನೂ ಕರಕೊಂಡ್ ಬಾ, ಆದ್ರ." ನಾನು ಆ ಪತ್ರಿಕೆಯನ್ನು ಅವನ ಕಣ್ಣೆದುರೇ ಹರಿದೆ. ಹರಿದದ್ದರಿಂದ ಏನೂ ಆಗಲಿಲ್ಲ. ಮದುವೆಯಾಗದ ಹುಡುಗರನ್ನೆಲ್ಲ ಕೇಳಿದೆ. ಬಂದವರು ಮೊದಲು ಕೌದಿ ಸರಿಸಿ ಪಾದ ಒತ್ತಿ ನೋಡಿದರು, ಆಮೇಲೆ ಚಹಾ ಕುಡಿದು ಹೋದರು.

ಸಾಹೇಬರ ಹತ್ತಿರ ಹೋಗಿ, ಸಾವು ಮತ್ತು ಹುಟ್ಟಿನ ಸಾಲಿನಲ್ಲಿ ಹುಟ್ಟನ್ನು ಇಡಿ ಎಂದು ಬೇಡಿಕೊಂಡೆ. ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದರು. "ಹಳೇ ಗೋದಾಮಿನ ಹಿಂದ ಕುಂತಾನಲ್ಲ, ಅವನ್ನ ನೋಡೀ?" ನೋಡಿದ್ದೆ. ಊರಿನ ಎಲ್ಲರೂ ನೋಡಿ, ನೋಡದ ಹಾಗೆ ಹೋಗುತ್ತಾರೆ. ಅವನು ಗೋಡೆಗೆ ಒರಗಿ ಕೂತಿರುತ್ತಾನೆ. ಉಣ್ಣುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ. "ನನ್ನ ಮೊದಲಿನ ಸಾಹೇಬರು ಒಂದು ದಿನ ಹಂಗ ಮಾಡಿದ್ರು. ಒಂದೇ ದಿನ. ಬಿಟ್ಟುಹೋದ ಸಾವು ಅದು. ದ್ಯಾಮವ್ವ ಅವನ ಪಕ್ಕದಾಗ ಕುಂಡ್ರಬೇಕೇನು?"

ನಾನು ಕೀಲಿಗಳ ಮುಂದೆ ಹೋಗಿ ಕೂತೆ.

ಒಂದು ಬೆಳಿಗ್ಗೆ, ಹತ್ತು ಗಂಟೆಯ ಬಿಸಿಲಿನಲ್ಲಿ, ಕಸ್ತೂರಿ ಹೆತ್ತಳು. ಹೆಣ್ಣು. ಸೂಲಗಿತ್ತಿ ಹುಸೇನಬಿ ಕೂಸನ್ನು ನನ್ನ ಕೈಗೆ ಕೊಟ್ಟಾಗ ನಾನು ಮೊದಲು ನೋಡಿದ್ದು ಎಡಗಿವಿಯ ಹಿಂದಿನ ಮಚ್ಚೆ. ಎಳ್ಳುಕಾಳಿನಷ್ಟು. ಬಾಗಿಲಿನ ಬಿಸಿಲಿಗೆ ಹಿಡಿದರೆ ಕೂಸು ಎರಡು ಸಲ ಸೀನಿತು. ಯಾವಾಗ ಬಿಸಿಲಿಗೆ ಹಿಡಿದರೂ ಎರಡೇ ಸಲ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೆಸರಿಡುವ ಶಾಸ್ತ್ರ ಮಾಡಲು ನಮಗೆ ಧೈರ್ಯವಿರಲಿಲ್ಲ. ನಾವಿಬ್ಬರೇ ಬಾಗಿಲು ಮುಂದೆ ಮಾಡಿಕೊಂಡು ಸುವ್ವಿ ಎಂದು ಕರೆದೆವು.

ಇನ್ನು ಮೂವತ್ತು ದಿನ. ದ್ಯಾಮವ್ವ ತನ್ನ ಡಬ್ಬಿಯಿಂದ ಮೂವತ್ತು ಹುಣಸೆಬೀಜ ಎಣಿಸಿ ಹಾಸಿಗೆಯ ಪಕ್ಕದಲ್ಲಿ ಸಾಲಾಗಿ ಇಟ್ಟಳು. ದಿನಾ ಬೆಳಿಗ್ಗೆ ಒಂದನ್ನು ಎತ್ತಿ ಡಬ್ಬಿಗೆ ಹಾಕುವಳು. "ಇದೊಂದು ಮುಗೀತು ನೋಡ್" ಎನ್ನುವಳು. ಬೇಡದಿದ್ದರೂ ಗಂಜಿ ಕುಡಿಯುವಳು. ಗಂಟಲಿನಿಂದ ಇಳಿಯದಿದ್ದರೆ ಕುತ್ತಿಗೆಯನ್ನು ತಾನೇ ತಿಕ್ಕಿಕೊಂಡು ಇಳಿಸುವಳು. ನಾನು ಅದನ್ನು ನೋಡುತ್ತ, ಕುಡಿ, ಇನ್ನೊಂದು ಗುಟುಕು ಕುಡಿ ಎಂದು ಮನಸ್ಸಿನಲ್ಲೇ ಕಿರುಚುತ್ತಿದ್ದೆ. ಪ್ರೀತಿಯಿಂದ ಕಿರುಚುತ್ತಿದ್ದೆನೋ, ಬೇರೆ ಯಾವುದರಿಂದಲೋ, ನನಗೇ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಿದ್ದೆವು. ದ್ಯಾಮವ್ವ ಅದರ ಅಂಗಾಲನ್ನು ತನ್ನ ಹೆಬ್ಬೆರಳಿನಿಂದ ಒತ್ತಿ ನೋಡಿ ನಕ್ಕಳು. "ಸಾಯೋ ಮುದುಕೇರು ಎಲ್ಲಾರೂ, ನಿಮ್ಮ ಹೊಟ್ಯಾಗ ಹುಟ್ಟಿ ಬರ್ತೀನಿ ಅಂತ ಹೇಳಿ ಹೋಗ್ತಾರ. ಇಕಿ ಆಗ್ಲೇ ಬಂದು ಕುಂತಾಳ. ನನಗ ಜಾಗಾ ಎಲ್ಲೈತಿ?"

"ಮುಂದಿನ ಸರ್ತಿ ಬಾ ಆಯಿ, ಈ ಸರ್ತಿ ಸಾಲು ದೊಡ್ಡದೈತಿ" ಎಂದು ಕಸ್ತೂರಿಯೂ ನಕ್ಕಳು. ಆದರೆ ಆಯಿಗೆ ಜೊಂಪು ಹತ್ತಿದ ಕೂಡಲೇ ನನ್ನ ಕೈ ಹಿಡಿದುಕೊಂಡಳು. "ಮೈಲಾರಿ, ಇದು ಹೋದ್ರ ನನಗ ಗೊತ್ತೇ ಆಗೂದಿಲ್ಲ. ಅಂಚು ಎಳಕೋತ, ಹಾಡು ಹೇಳಕೋತ ಇರ್ತೀನಿ. ನಿನ್ನ ತೋಳಿಗೆ ಎಣ್ಣಿ ತಿಕ್ಕತೀನಿ. ಹಂಗ ನಗೂದು ನೆನಸ್ಕೊಂಡ್ರ ಮೈ ನಡುಗತೈತಿ."

"ನಾ ಹೇಳ್ತೀನಿ ನಿನಗ."

"ಹೇಳಿದ್ರ ನಂಬೂದಿಲ್ಲ. ಹುಚ್ಚ ಹಿಡದೈತಿ ನನ್ನ ಗಂಡಗ ಅಂತೀನಿ."

ಇಪ್ಪತ್ತೊಂದು ಬೀಜ ಡಬ್ಬಿಗೆ ಹೋಗಿದ್ದವು. ಇಪ್ಪತ್ತೆರಡನೆಯ ಬೆಳಿಗ್ಗೆ ಕಸ್ತೂರಿ ಹಿತ್ತಲಲ್ಲಿ ಕೂಸಿಗೆ ಎರೆಯುತ್ತಿದ್ದಳು. ನಾನು ಗಂಜಿ ತೆಗೆದುಕೊಂಡು ಹೋದೆ. ದ್ಯಾಮವ್ವನ ಕೈ ಬೀಜಗಳ ಸಾಲಿನ ಕಡೆ ಚಾಚಿತ್ತು. ಒಂದು ಬೀಜ ಎರಡು ಬೆರಳಿನ ನಡುವೆ ಇತ್ತು, ನೆಲದಿಂದ ಎದ್ದಿರಲಿಲ್ಲ. ನಾನು ಅವಳ ಮೂಗಿನ ಹತ್ತಿರ ಅವಳದೇ ನೀಲಿ ಅಂಚಿನ ತಟ್ಟೆ ಹಿಡಿದೆ. ಮಂಜು ಕೂರಲಿಲ್ಲ. ಒಂಬತ್ತು ದಿನ. ಬರೀ ಒಂಬತ್ತು.

ಅಳು ಬರಲಿಲ್ಲ, ಸಿಟ್ಟು ಬಂತು. ಅವಳ ಭುಜ ಹಿಡಿದು ಅಲ್ಲಾಡಿಸಿದೆ. ಎದ್ದೇಳು ಎಂದೆ. ಐದು ವರ್ಷ ನನ್ನನ್ನು ಉಂಡೆಯಾ ಎಂದು ಕೇಳಿದ ಹೆಣ್ಣಿನ ಹೆಣವನ್ನು ನಾನು ಗೋಣಿಚೀಲದ ಹಾಗೆ ಅಲ್ಲಾಡಿಸಿದೆ. ಒದ್ದೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದ ಕಸ್ತೂರಿ ಅದನ್ನು ನೋಡಿದಳು. ಗೋಡೆಗೆ ಒರಗಿ ಕೂತು ಕೂಸನ್ನು ಮೊಲೆಗೆ ಹಚ್ಚಿದಳು.

"ಐದರ ತನಕಾ ನನ್ನದು ಅಲ್ಲೇನು?" ಅಂದಳು.

ನಾನು ಓಡಿದೆ. ತಿಪ್ಪಣ್ಣನ ಮನೆಯ ಮುಂದೆ ಹಂದರ ಹಾಕುತ್ತಿದ್ದರು. ಅವನು ಏಣಿಯ ಮೇಲೆ ನಿಂತು ಮಾವಿನೆಲೆ ಕಟ್ಟುತ್ತಿದ್ದ. "ನಿಮ್ಮವ್ವ ತೀರಿಕೊಂಡಳು" ಎಂದೆ. ಅವನ ಕೈಯಿಂದ ತೋರಣ ಜಾರಿ ಕೆಳಗೆ ಬಿತ್ತು. ಏಣಿಯ ಮೇಲೆ ಕಣ್ಣು ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಸತ್ತವರ ಹೆಸರು ಬ್ಯಾರೇ ಕಾರ್ಡಿಗೆ ಹೋಗಂಗಿಲ್ಲ. ನಿನಗೇ ಗೊತ್ತೈತಿ" ಎಂದ. ನಾನು ಅದನ್ನು ಕೇಳಿಯೇ ಇರಲಿಲ್ಲ.

ಆಫೀಸಿನಲ್ಲಿ ಊಟದ ಹೊತ್ತು. ಸಾಹೇಬರು ಒಬ್ಬರೇ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನನ್ನ ಮುಖ ನೋಡಿ ಅವರಿಗೆ ತಿಳಿಯಿತು. "ಹಾಕು ಮೈಲಾರಿ. ಮುಚ್ಚಿಟ್ರ ಏನಾಗತೈತಿ ನಿನಗ ಗೊತ್ತು." ಗೊತ್ತಿತ್ತು. ಹಿಂದೆ ಒಬ್ಬನು ತನ್ನ ಅಪ್ಪನ ಸಾವನ್ನು ಎಂಟು ದಿನ ಮುಚ್ಚಿಟ್ಟಿದ್ದ. ನಾವು ಹಾಕದಿದ್ದರೆ ಯಂತ್ರ ತಾನೇ ಹಾಕಿಕೊಳ್ಳುತ್ತದೆ. ಹಾಗೆ ಹಾಕಿಕೊಂಡಾಗ ಅವನ ಕಾರ್ಡಿನಲ್ಲಿ ಮಗುವೂ ಉಳಿಯಲಿಲ್ಲ, ಮಗುವಿನ ತಾಯಿಯೂ ಉಳಿಯಲಿಲ್ಲ.

ನಾನು ಕೂತು ಹಾಕಿದೆ. ದ್ಯಾಮವ್ವ, ಸಾವು, ಇವತ್ತಿನ ತಾರೀಖು. ಯಂತ್ರ ಕೆಂಪು ಗುರುತು ತೋರಿಸಿತು: ಈ ಕಾರ್ಡಿನಲ್ಲಿ ಇಪ್ಪತ್ತೆರಡು ದಿನದ ಹಿಂದೆ ಹುಟ್ಟು ಇದೆ. ನಾನು ನಿಯಮಗಳ ಪಟ್ಟಿ ತೆರೆದೆ. ಸಾವು, ಹುಟ್ಟಿನ ಸಾಲಿಗೆ ಹೋದೆ. ಸಾಹೇಬರ ತುತ್ತು ಅರ್ಧಕ್ಕೆ ನಿಂತಿತು.

"ಏನ್ ಮಾಡಾಕತ್ತೀ?"

"ಮೂರನೇದು ಹಾಕ್ತೀನ್ರಿ."

"ಲೇ, ನಿಯಮ ಒಬ್ಬನ ಕಾರ್ಡಿಗೆ ಇರೂದಿಲ್ಲ, ಊರಿಗೆಲ್ಲಾ ಆಗತೈತಿ. ಏನಾಗತೈತಿ ಅಂತ ಯಾರಿಗೂ ಗೊತ್ತಿಲ್ಲ."

"ನನಗೂ ಗೊತ್ತಿಲ್ರಿ. ಗೊತ್ತಿದ್ದದ್ದನ್ನ ಇಪ್ಪತ್ತು ವರ್ಷ ಮಾಡಿ ನೀವೇನ್ ಮಾಡೀರಿ? ಹೊರಗ ಹೋಗಿ ನೋಡ್ರಿ, ಎಷ್ಟ ಮಂದಿ ತೋಳು ಮಡಚಿಕೊಂಡು ತಿರಗತಾರ!"

ಅವರು ಎದ್ದು ನನ್ನ ಕೈ ಹಿಡಿಯಬಹುದಿತ್ತು. ಹಿಡಿದಿದ್ದರೆ ನಾನು ಹೊಡೆಯುತ್ತಿದ್ದೆ, ನಿಜ. ಆದರೂ ಹಿಡಿಯಬಹುದಿತ್ತು. ಡಬ್ಬಿ ಮುಚ್ಚಿದರು. ಕೈ ತೊಳೆಯಲು ಹೋದರು. ಹೊರಗೆ ನಲ್ಲಿಯ ನೀರು ಬಹಳ ಹೊತ್ತು ಬೀಳುತ್ತಿತ್ತು.

ಮೂರನೆಯದನ್ನು ಆರಿಸಿದೆ. ಖಾಲಿ ಜಾಗ ತೆರೆಯಿತು. ಹೊಸ ಘಟನೆಯ ಹೆಸರು? ನನಗೆ ಬಂದದ್ದು ದ್ಯಾಮವ್ವನ ತಮಾಷೆಯ ಮಾತೊಂದೇ. ಹುಟ್ಟಿ ಬಂದಳು, ಎಂದು ಬರೆದೆ.

ಯಾರೂ ಅಳಿಸದ ಹಾಗೆ ಯಂತ್ರ ಕಾಯುತ್ತ ಕೂತು, ಐದಕ್ಕೆ ಕಾಲು ಗಂಟೆ ಇರುವಾಗ ಮನೆ ಮುಟ್ಟಿದೆ. ಮೂಲೆಯಲ್ಲಿ ದ್ಯಾಮವ್ವನ ಮುಖಕ್ಕೆ ಬಿಳಿ ಬಟ್ಟೆ ಹೊದಿಸಿತ್ತು. ಕಸ್ತೂರಿ ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಅವಳ ಪಕ್ಕದಲ್ಲಿ ಕೂತು ಕೂಸನ್ನು ನನ್ನ ತೊಡೆಗೆ ತೆಗೆದುಕೊಂಡೆ. ಇಬ್ಬರೂ ನಾಲ್ಕು ಕೈಯಿಂದ ಹಿಡಿದುಕೊಂಡೆವು. ಕಿವಿಯ ಹಿಂದೆ ಮಚ್ಚೆ ನೋಡಿದೆ. ಇತ್ತು. ಬೆರಳಿನಿಂದ ಮುಟ್ಟಿದೆ. ಹಿತ್ತಲ ಬಾಗಿಲಿನಿಂದ ಇಳಿಬಿಸಿಲು ಬೀಳುತ್ತಿತ್ತು. ಸುವ್ವಿ ಸೀನಿದಳು. ಒಂದು ಸಲ. ಎರಡನೆಯದಕ್ಕೆ ಮೂಗು ಅರಳಿಸಿದಳು, ಆಗ ಭೋಂಗಾ ಕೂಗಿತು.

ಅದು ನಿಂತಾಗ ನನ್ನ ಕೈಯಲ್ಲಿ ಕೂಸು ಇತ್ತು. ಇತ್ತು! ನಾನು ಕೂಗಿದೆನೋ ಏನೋ. ಆದರೆ ಭಾರ ಕಡಿಮೆ ಇತ್ತು. ಮೈಯೆಲ್ಲ ಒದ್ದೆ, ಹೊಕ್ಕುಳಬಳ್ಳಿಗೆ ಈಗ ತಾನೇ ಕಟ್ಟಿದ ದಾರ. ಕಸ್ತೂರಿ ಬೆವರಿನಲ್ಲಿ ತೊಯ್ದು ಚಾಪೆಯ ಮೇಲೆ ಮಲಗಿದ್ದಳು. ಹುಸೇನಬಿ ರಕ್ತದ ಕೈಯನ್ನು ಬಿಸಿನೀರಿನಲ್ಲಿ ತೊಳೆಯುತ್ತ ಕೂಗಿದಳು, "ಯಾ ಅಲ್ಲಾ, ಮೂವತ್ತು ವರ್ಷದಾಗ ಇಂಥಾದ್ದು ಕಂಡಿಲ್ಲ. ಮುದುಕಿ ಉಸರು ಬಿಟ್ಟಳು, ಕೂಸು ಉಸರು ತಗೊಂತು. ಒಂದೇ ಗಳಿಗಿ! ಗದ್ದಾ ನೋಡಪಾ ಮೈಲಾರಿ, ಗದ್ದಾ ನೋಡು!"

ಗದ್ದದ ಮೇಲೆ ಮೂರು ಹಸಿರು ಚುಕ್ಕೆ.

ನಾನು ಕೂಸಿನ ಎಡಗಿವಿಯನ್ನು ಮಡಚಿ ನೋಡಿದೆ. ಬಲಗಿವಿಯನ್ನು ನೋಡಿದೆ. ಕುತ್ತಿಗೆ, ಬೆನ್ನು, ಕಂಕುಳು ಎಲ್ಲ ನೋಡಿದೆ. ಬಾಗಿಲಿಗೆ ಓಡಿ ಬಿಸಿಲಿಗೆ ಹಿಡಿದೆ. ಸೀನಲಿಲ್ಲ. ಕಣ್ಣು ಕಿರಿದು ಮಾಡಿ ಬಿಸಿಲನ್ನೇ ನೋಡಿತು. ಬಹಳ ದಿನದಿಂದ ಬಲ್ಲವರನ್ನು ನೋಡುವ ಹಾಗೆ.

"ಏನ್ ಹುಡುಕಾಕತ್ತೀ?" ಎಂದು ಕಸ್ತೂರಿ ದಣಿದ ದನಿಯಲ್ಲಿ ಕೇಳಿದಳು. ನಗುತ್ತಿದ್ದಳು.

"ಏನಿಲ್ಲ."

"ಹೆಸರು ಬ್ಯಾರೇ ಹುಡುಕೂದು ಬ್ಯಾಡ ಬಿಡು. ದ್ಯಾಮವ್ವ ಅಂತಲೇ ಕರಿಯೂಣು."

ಸುವ್ವಿ ಎಂಬ ಹೆಸರು ನನ್ನ ಬಾಯಿಯವರೆಗೂ ಬಂತು. ನುಂಗಿಕೊಂಡೆ. ಇಪ್ಪತ್ತೆರಡು ದಿನ ಆ ಹೆಸರಿನ ಒಬ್ಬಳು ಈ ಮನೆಯಲ್ಲಿದ್ದಳು ಎಂದು ಹೇಳಿದರೆ ಹುಚ್ಚು ಹಿಡಿದಿದೆ ಎನ್ನುತ್ತಾಳೆ. ಅವಳೇ ಹೇಳಿದ್ದಳು. ಹಾಗೆ ಹೇಳಿದ್ದೂ ಅವಳಿಗೆ ನೆನಪಿಲ್ಲ.

ಆಯಿಯನ್ನು ಮಣ್ಣು ಮಾಡಿದ ಮರುದಿನ, ಕೂಸಿನ ಗದ್ದದ ಸುದ್ದಿ ಕೇಳಿ, ಆಫೀಸಿನ ಮುಂದೆ ತೋಳು ಮಡಚಿಕೊಂಡ ಗಂಡಸರು ನಿಂತಿದ್ದರು. ನಮ್ಮದೂ ಬರತೈತೇನು ಎಂದು ಕೇಳಿದರು. ಹುಡುಕಿ ನೋಡಿದೆ. ಯಂತ್ರ ಬಿಟ್ಟದ್ದು ಕಾರ್ಡಿನಲ್ಲಿ ಉಳಿದಿರುವುದಿಲ್ಲ, ಸೇರಿಸಲು ಏನೂ ಇರಲಿಲ್ಲ. ಅವರು ಹೋದ ಮೇಲೆ ಮುದುಕರು ಬಂದರು. ಒಂದು ವಾರದಲ್ಲಿ ಸಾಲು ಕಾರ್ಖಾನೆಯ ಗೇಟು ಮುಟ್ಟಿತು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಮುದುಕರು, ಎಲ್ಲರ ಬಾಯಲ್ಲೂ ಒಂದೇ ಮಾತು: ಬಸುರಿ ಇರುವ ಮನೆಯ ಕಾರ್ಡಿಗೆ ನನ್ನ ಹೆಸರು ಹಾಕು. ಮಕ್ಕಳೇ ಅಪ್ಪ ಅವ್ವನನ್ನು ಹೊತ್ತುಕೊಂಡು ಬಂದರು. ಈಗ ಪಾದ ಒತ್ತಿದಾಗ ಕುಳಿ ಬಿದ್ದರೆ ಸಂತೋಷಪಡುತ್ತಾರೆ. ಕೆಮ್ಮುತ್ತ ಬಂದ ಸಾಹೇಬರು ಕೂಡ, "ನಿಮ್ಮ ಓಣ್ಯಾಗ ಯಾರಿಗೆ ಎಂಟನೇ ತಿಂಗಳೈತಿ ಮೈಲಾರಿ?" ಎಂದು ಮೆಲ್ಲಗೆ ಕೇಳಿದರು.

ನಿಂಗವ್ವ ನಮ್ಮ ಪಕ್ಕದ ಮನೆಯ ಸೊಸೆ. ದಿನ ತುಂಬಿದವಳು, ನಡೆಯಲಾರದೆ ಗೋಡೆ ಹಿಡಿದುಕೊಂಡು ಆಫೀಸಿಗೆ ಬಂದಳು. "ಅಣ್ಣಾ, ನಮ್ಮ ಮಾವ ಮೂರು ದಿನದಿಂದ ಗಂಜಿ ಬಿಟ್ಟಾನ. ಬೇಕಂತ ಬಿಟ್ಟಾನ. ನನ್ನ ಹೊಟ್ಟಿ ನೋಡಿಕೋತ ಕುಂಡ್ರತಾನ, ನಗತಾನ. ಇದು ನನ್ನ ಕೂಸು. ಅವಂದಲ್ಲ. ಆ ಸಾಲು ತಗದುಬಿಡು, ನಿನ್ನ ಕಾಲಿಗೆ ಬೀಳ್ತೀನಿ."

ತೆಗೆಯಬಹುದು. ನನ್ನ ಎರಡು ಬೆರಳಿನ ಕೆಲಸ. ಆದರೆ ಯಂತ್ರ ದಿನಾ ಐದಕ್ಕೆ ಎಲ್ಲ ಕಾರ್ಡುಗಳನ್ನೂ ಮೊದಲಿನಿಂದ ನೋಡುತ್ತದೆ. ಸಾಲು ಮೊದಲಿನ ಹಾಗಾದರೆ ನನ್ನ ಕಾರ್ಡಿನಲ್ಲಿ ಸೇರಿದ್ದು ಬಿಡಿಸಿಕೊಂಡು ಮತ್ತೆ ಎರಡಾಗುತ್ತದೆ. ಸಾವು ಉಳಿಯುತ್ತದೆ.

"ಏಳವ್ವಾ, ಮನಿಗೆ ಹೋಗು" ಎಂದೆ. ಅವಳು ಏಳಲಿಲ್ಲ. ನಾನು ಕಿರುಚಿದೆ. ಬಸುರಿಯ ಮೇಲೆ ಕಿರುಚಿದೆ. ಅವಳು ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ಹಿಂದೆ ಹಿಂದೆ ಸರಿದು ಹೋದಳು. ತಿಪ್ಪಣ್ಣನ ಮೇಲೆ ನಾನು ಕಿರುಚಿದಾಗ ಅವನ ಮಕ್ಕಳು ಸರಿದದ್ದೂ ಹಾಗೆಯೇ.

ಅವತ್ತು ಭೋಂಗಾ ಕೂಗಿ ಮುಗಿಯುವವರೆಗೂ ಯಂತ್ರದ ಮುಂದೆಯೇ ಕೂತಿದ್ದೆ. ದಿನಾ ಹಾಗೇ ಕೂರುತ್ತೇನೆ, ಯಾರಾದರೂ ಮುಟ್ಟಿಯಾರು ಎಂದು. ಆಮೇಲೆ ಬೀಗ ಹಾಕಿ ಮನೆಗೆ ಬಂದೆ. ಇನ್ನೂ ಬೆಳಕಿತ್ತು. ಕಸ್ತೂರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಬೆನ್ನು ಈ ಕಡೆಗಿತ್ತು. ತೊಟ್ಟಿಲ ಪಕ್ಕದ ನೆಲದ ಮೇಲೆ ಒಂಬತ್ತು ಹುಣಸೆಬೀಜ. ಆಯಿಯ ಡಬ್ಬಿಯಿಂದ ಎಣಿಸಿ ನಾನೇ ಇಟ್ಟವು. ಚಪ್ಪಲಿ ಬಿಡುತ್ತಿದ್ದೆ. ಕೂಸಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಅದು ತೊಟ್ಟಿಲಿನಿಂದ ನನ್ನ ಕಡೆ ತಲೆ ಹೊರಳಿಸಿತು, ಬಾಯಿ ತೆರೆಯಿತು.

"ಉಂಡೀಯೇನ?"

ಬಡಿಯುವ ಕೈ ನಿಂತಿತು. ಕಸ್ತೂರಿ ಹಿಂದಿರುಗಿ ನೋಡಲಿಲ್ಲ. ನನಗೆ ಹೊಸ್ತಿಲು ದಾಟಿ ಹೊರಗೆ ಓಡಬೇಕು ಎನಿಸಿತು. ಆದರೆ ನನ್ನ ಎಡತೋಳು ತಾನಾಗಿಯೇ ಎದೆಗೆ ಮಡಚಿಕೊಂಡಿತ್ತು, ಅದರಲ್ಲಿ ಏನೂ ಇರಲಿಲ್ಲ.

"ಇನ್ನೂ ಇಲ್ಲಬೇ ಆಯಿ" ಎಂದೆ.